ಅಣ್ಣನ ಕೆಲಸಕ್ಕೆ ಹೊಡೆದ ಗಂಟೆ

ಲಿಫ್ಟಕ್ಕನ ಪಂಜರದೊಳಗೆ ಎರಡೇ ಕಾನೂನು. ಒಂದು, ಉಗುಳಬಾರದು. ಎರಡು, ಬಾಗಿಲಿಗೆ ಒರಗಬಾರದು. ಉಗುಳಿದವನ ಕೈಗೆ ಚಿಂದಿ ಬಟ್ಟೆ ಕೊಟ್ಟು ಅವನಿಂದಲೇ ಒರೆಸಿಸುತ್ತಿದ್ದಳು. ಒರಗಿದರೆ ಎರಡು ಮಹಡಿಗಳ ನಡುವೆ ಲಿಫ್ಟ್ ನಿಲ್ಲಿಸಿಬಿಡುತ್ತಿದ್ದಳು. ಆಸಾಮಿ ನೆಟ್ಟಗೆ ನಿಂತ ಮೇಲೆಯೇ ಮುಂದಿನ ಪ್ರಯಾಣ. ಒಮ್ಮೆ ಪ್ರಾಜೆಕ್ಟ್ ಮ್ಯಾನೇಜರನ್ನೇ ಹಾಗೆ ನಿಲ್ಲಿಸಿದ್ದಳು. ಫೋನಿನಲ್ಲಿ ಯಾರಿಗೋ ಬೈಯುತ್ತ ಬಾಗಿಲಿಗೆ ಬೆನ್ನು ಕೊಟ್ಟಿದ್ದ ಆತ, ಲಿಫ್ಟ್ ಕೆಟ್ಟಿತೆಂದುಕೊಂಡು ಲಿಫ್ಟಿನ ಕಂಪನಿಗೂ ನಾಲ್ಕು ಮಾತು ಬೈದ. ಅವನ ಬೈಗುಳ ಪೂರ್ತಿ ಮುಗಿಯುವವರೆಗೆ ಕಾದು, "ನೆಟ್ಟಗೆ ನಿಂತ್ಕೊಳ್ಳಿ ಸಾರ್, ಹೊರಡ್ತೀನಿ" ಅಂದಳು.

ಲಿಫ್ಟ್ ಅಂದರೆ ಕನ್ನಡಿ, ಸಂಗೀತ ಇರುವಂಥದ್ದಲ್ಲ. ಏಳುತ್ತಿರುವ ಕಟ್ಟಡದ ಹೊರಮೈಗೆ ಅಂಟಿಕೊಂಡು, ಉಕ್ಕಿನ ಗೋಪುರವೊಂದರ ಹಲ್ಲು ಹಿಡಿದು ಕಟಕಟ ಎನ್ನುತ್ತ ಹತ್ತಿ ಇಳಿಯುವ ಜಾಲರಿಯ ಪಂಜರ. ಆಳು, ಕಂಬಿ, ನೀರಿನ ಡ್ರಮ್ಮು, ಇಂಜಿನಿಯರು ಎಲ್ಲ ಅದರಲ್ಲೇ. ನಾನು ಆ ಸೈಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಮೊಳೆ, ತಂತಿ, ಹೆಲ್ಮೆಟ್ಟು, ಕೈಗವಸು ಯಾವುದೇ ಆಗಲಿ ನನ್ನ ಕಿಟಕಿಯಿಂದಲೇ ಹೊರಗೆ ಹೋಗಬೇಕು. ನನ್ನ ತಗಡಿನ ಶೆಡ್ಡು ಲಿಫ್ಟಿನ ಬುಡದಲ್ಲೇ ಇದ್ದದ್ದರಿಂದ ಅಲ್ಲಿ ಆಡಿದ ಮಾತೆಲ್ಲ ಕಿವಿಗೆ ಬೀಳುತ್ತಿತ್ತು. ಬೀಳದ್ದನ್ನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಂಡದ್ದೂ ಉಂಟು. ಸುಳ್ಳು ಯಾಕೆ ಹೇಳಲಿ.

ಲಿಫ್ಟಕ್ಕನ ಅಣ್ಣ ನಮ್ಮಲ್ಲಿ ಸೆಂಟ್ರಿಂಗ್ ಮೇಸ್ತ್ರಿ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರಲು ಹಲಗೆ ಹಾಸಿ, ಹಲಗೆಯ ಕೆಳಗೆ ಜಾಕಿ ಅನ್ನುವ ಕಬ್ಬಿಣದ ಕಾಲುಗಳನ್ನು ಸಾಲಾಗಿ ನಿಲ್ಲಿಸುವುದು ಸೆಂಟ್ರಿಂಗಿನವರ ಕೆಲಸ. ಸ್ಲ್ಯಾಬ್ ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತಾರೆ. ಕಟ್ಟಡದಲ್ಲಿ ಅವರ ಕೈಯದು ಅನ್ನುವಂಥದ್ದು ಏನೂ ಉಳಿಯುವುದಿಲ್ಲ. ಇಂಥವನು ಕಟ್ಟಿದ್ದು ಇವತ್ತಿನವರೆಗೆ ಜಗ್ಗಿಲ್ಲ ಅನ್ನುವ ಮಾತೊಂದು ಉಳಿಯುತ್ತದೆ. ಮೇಸ್ತ್ರಿಗೆ ಆ ಮಾತೇ ಆಸ್ತಿ. ಅದರ ಮೇಲೆ ಧೂಳು ಕೂರಲೂ ಬಿಡುತ್ತಿರಲಿಲ್ಲ.

ಗಂಡನ ಮನೆಯಲ್ಲಿ ಬಾಳಲಾಗದೆ ಒಂದು ಚೀಲ ಹಿಡಿದು ಬಂದ ತಂಗಿಯನ್ನು ಅವನು ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದುಕೊಂಡಿದ್ದ. ಅವನ ಹೆಂಡತಿ ಅಡುಗೆಮನೆಯಲ್ಲಿ ಇನ್ನೊಂದು ತಟ್ಟೆ ತೆಗೆದಿಟ್ಟಳು, ಅಷ್ಟೆ. ಆಮೇಲೆ ತಂಗಿಯನ್ನು ಸೈಟಿಗೆ ಕರೆತಂದ. ಮೊದಲು ನೀರು ಹೊತ್ತಳು. ಬಿಡುವು ಸಿಕ್ಕಾಗಲೆಲ್ಲ ಲಿಫ್ಟಿನ ಹತ್ತಿರ ನಿಂತು ಹಿಡಿಕೆಯನ್ನೇ ನೋಡುತ್ತಿರುತ್ತಿದ್ದಳು. ಹಳೇ ಆಪರೇಟರು ಬಿಟ್ಟು ಹೋದಾಗ ಮೇಸ್ತ್ರಿ ಮ್ಯಾನೇಜರಿನ ಮುಂದೆ ಹೋಗಿ, "ನನ್ನ ತಂಗಿ ಓಡಿಸ್ತಾಳೆ. ಏನೇ ಎಡವಟ್ಟಾದ್ರೂ ನನ್ನನ್ನ ಕೇಳಿ" ಅಂದ. ಕಲಿಯುವಷ್ಟು ಕಾಲವೂ ತನ್ನ ಕೆಲಸದ ನಡುವೆ ಓಡಿ ಬಂದು ಪಂಜರದಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದ. ಮೇಸ್ತ್ರಿಯ ಮಗನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು ಇವಳೇ. ಅವನೀಗ ಮೀಸೆ ಬಲಿತ ಗಂಡಸು, ಅಪ್ಪನ ಗ್ಯಾಂಗಿನಲ್ಲೇ ಕೆಲಸ. ಎಲ್ಲರೂ ಇವಳನ್ನು ಲಿಫ್ಟಕ್ಕ ಅಂದರೆ ಅವನೊಬ್ಬ ಅತ್ತೆ ಅನ್ನುತ್ತಿದ್ದ, ಅದೂ ಸೈಟಿನ ಆ ತುದಿಗೆ ಕೇಳುವಂತೆ.

ಹೀಗಿರುವಾಗ ರಿಸರ್ಚ್ ಮೇಡಂ ಬಂದರು. ಕಟ್ಟಡದ ಕೆಲಸವನ್ನು ನಡೆಸುವ ರೀತಿಯ ಮೇಲೆಯೇ ಅವರ ಸಂಶೋಧನೆ. ನನಗೆ ರಿಸರ್ಚಿನವರೆಂದರೆ ಅಷ್ಟಕ್ಕಷ್ಟೆ. ಹಿಂದೊಬ್ಬ ಬಂದು, ಮೊಳೆ ಎಲ್ಲಿ ಪೋಲಾಗುತ್ತದೆ ಎಂದು ತಿಂಗಳುಗಟ್ಟಲೆ ನನ್ನ ತಲೆ ತಿಂದು, ಮೊಳೆ ಪೋಲಾಗುತ್ತದೆ ಎಂದು ಬರೆದುಕೊಂಡು ಹೋಗಿದ್ದ. ಈ ಮೇಡಂ ಬೇರೆ ಥರ. ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು ಎಲ್ಲೆಂದರಲ್ಲಿ ಕೂತುಬಿಡುವರು. ಬಿಸಿಲಿದ್ದರೆ ಅದನ್ನೇ ತಲೆಯ ಮೇಲೆ ಹಿಡಿದು ನಡೆಯುವರು.

ಅವರ ಪ್ರಶ್ನೆ ಸಣ್ಣದಾಗಿತ್ತು. ಸೈಟಿನಲ್ಲಿ ಏನಾದರೂ ತಪ್ಪು ನಡೆದಾಗ ಅದು ಮೊದಲು ಕಾಣುವುದು ಯಾರಿಗೆ, ಕೆಲಸ ನಿಲ್ಲಿಸುವ ಅಧಿಕಾರ ಇರುವವನಿಗೆ ಅದು ತಲುಪುವುದು ಯಾವಾಗ. "ಕಾಣೋದು ಕೆಳಗಿನವನಿಗೆ, ನಿಲ್ಲಿಸೋನು ಮೇಲೆ ಕೂತಿರ್ತಾನೆ. ಮಧ್ಯದ ಮೆಟ್ಟಿಲಲ್ಲಿ ಮಾತು ಸತ್ತುಹೋಗುತ್ತೆ" ಎಂದು ನನಗೊಮ್ಮೆ ಹೇಳಿದರು. ಅದಕ್ಕೇ ಅವರೊಂದು ಗಂಟೆ ತಂದರು. ಪ್ರತಿ ಮಹಡಿಯಲ್ಲೂ ಲಿಫ್ಟಿನಲ್ಲೂ ಒಂದೊಂದು ಕೆಂಪು ಗುಂಡಿ. ಯಾರು ಬೇಕಾದರೂ ಒತ್ತಬಹುದು. ಒತ್ತಿದರೆ ಗೇಟಿನ ಹತ್ತಿರದ ಗಂಟೆ ಬಾರಿಸುತ್ತದೆ, ಇಡೀ ಕಟ್ಟಡದ ಕೆಲಸ ನಿಲ್ಲಬೇಕು, ಎಲ್ಲರೂ ಹೊರಗೆ ಬರಬೇಕು. ಒತ್ತಿದ್ದು ಯಾರೆಂದು ಯಾರೂ ಕೇಳಬಾರದು. ನಮ್ಮ ಕಟ್ಟಡಕ್ಕೆ ಗಂಟೆ, ಪಕ್ಕದ ಕಟ್ಟಡಕ್ಕೆ ಇಲ್ಲ. ಎರಡನ್ನೂ ಹೋಲಿಸಿ ನೋಡುವುದು ಅವರ ಪ್ರಯೋಗ.

ಮೊದಲ ವಾರ ಪ್ಲಂಬರ್ ಒತ್ತಿದ. ಎಲ್ಲರೂ ಜೀವ ಕೈಯಲ್ಲಿ ಹಿಡಿದು ಹೊರಗೆ ಓಡಿ ಬಂದರೆ, ಅವನು ಆರಾಮಾಗಿ ಇಳಿದು ಬಂದು ಟೀ ಬಂತಾ ಎಂದು ಕೇಳಿದ. ಅದು ಟೀ ಗಂಟೆ ಎಂದುಕೊಂಡಿದ್ದನಂತೆ. ಆಮೇಲೆ ಅವನ ಹೆಸರೇ ಟೀ ಪ್ಲಂಬರ್ ಆಯಿತು. ಎಲ್ಲರ ನಗೆಪಾಟಲಿಗೆ ಈಡಾದವನನ್ನು ಕಂಡ ಮೇಲೆ ಬೇರೆ ಯಾರೂ ಗುಂಡಿಯ ಹತ್ತಿರ ಸುಳಿಯಲಿಲ್ಲ.

ಇದರ ಮೇಲೆ ಮ್ಯಾನೇಜರ್ ಸಾಹೇಬರು ತಮ್ಮ ಬುದ್ಧಿಯನ್ನೂ ಸೇರಿಸಿದರು. ಮೇಡಂ ಎರಡು ವಾರ ಬೇರೆ ಊರಿಗೆ ಹೋಗಿದ್ದಾಗ ಗೇಟಿನಲ್ಲಿ ಬೋರ್ಡು ಬರೆಸಿದರು: ಒಂದು ಸಲವೂ ಗಂಟೆ ಬಾರಿಸದ ಗ್ಯಾಂಗಿಗೆ ಬಹುಮಾನ. ಗಂಟೆ ಬಾರಿಸಲಿಲ್ಲ ಎಂದರೆ ತಪ್ಪಿಲ್ಲ, ತಪ್ಪಿಲ್ಲ ಎಂದರೆ ಬಹುಮಾನ, ಇದು ಅವರ ಲೆಕ್ಕ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಸೆಂಟ್ರಿಂಗಿನವರು ಗೆದ್ದರು. ಬಂದ ಸೀಲಿಂಗ್ ಫ್ಯಾನನ್ನು ಮೇಸ್ತ್ರಿ ಮನೆಯ ನಡುಕೋಣೆಗೆ ಹಾಕಿಸಿದ. ಮೇಡಂ ಮರಳಿ ಬಂದು ಬೋರ್ಡು ಓದಿದವರು ಕುರ್ಚಿಯನ್ನು ಅಲ್ಲೇ ಗೇಟಿನಲ್ಲಿ ಹಾಕಿಕೊಂಡು ಕೂತುಬಿಟ್ಟರು. ಬೋರ್ಡು ಇಳಿಸಿದರು ನಿಜ, ಆದರೆ ಜನರ ತಲೆಯಿಂದ ಅದು ಇಳಿಯಲಿಲ್ಲ.

ಆಗಲೇ ಅವರು ಲಿಫ್ಟಕ್ಕನ ಹತ್ತಿರ ಬಂದು ಕೇಳಿದ್ದು, ಯಾರೂ ಯಾಕೆ ಒತ್ತುವುದಿಲ್ಲ ಎಂದು.

"ಹೇಳಿದ್ರೆ ನನ್ನ ಮೇಲೆ ಬರಬಾರದು" ಅಂದಳು ಲಿಫ್ಟಕ್ಕ.

"ಬರಲ್ಲ."

"ಇಲ್ಲಿ ಕಂಬಿ ಕಟ್ಟೋರ ಮೇಸ್ತ್ರಿ ನಮ್ಮ ಅತ್ತಿಗೆಯ ತಮ್ಮ. ಗೋಡೆ ಕಟ್ಟೋನು ಅವನ ಷಡ್ಡಕ. ಪೇಂಟರ್ ಇದಾನಲ್ಲ, ಅವನ ಮಗಳನ್ನ ಆ ಗೋಡೆಯವನ ಮನೆಗೇ ಕೊಟ್ಟಿರೋದು. ಯಾರ ಕೆಲಸ ನಿಲ್ಲಿಸಿದ್ರೂ ಯಾರದೋ ಮಾವನ ಮುಖಕ್ಕೆ ಹೊಡೆದಂಗೆ. ಹೆಸರು ಕೇಳಲ್ಲ ಅಂತೀರಿ. ಯಾವ ಗುಂಡಿ ಒತ್ತಿದ್ದು ಅಂತ ಗೇಟಲ್ಲಿ ದೀಪ ಹತ್ತುತ್ತಲ್ಲ, ಅಲ್ಲಿ ಯಾರಿದ್ದರು ಅಂತ ನಮಗೆ ಗೊತ್ತಾಗಲ್ವಾ?"

ಮೇಡಂ ಪೆನ್ನು ಮುಚ್ಚಿಟ್ಟರು. ನಂತರ, "ನೀನು ಒತ್ತುತ್ತೀಯಾ?" ಎಂದು ಕೇಳಿದರು.

"ಬೇರೆಯವರದ್ದಾದ್ರೆ ಒತ್ತುತ್ತೀನಿ" ಅಂದಳು. ಅವಳು ಉಳಿದರ್ಧ ಹೇಳಲಿಲ್ಲ, ಅವರೂ ಕೆದಕಲಿಲ್ಲ.

ಕಟ್ಟಡದ ಮುಂಭಾಗದಲ್ಲಿ ಒಂದು ದೊಡ್ಡ ಹಾಲ್ ಬರಬೇಕಿತ್ತು. ಅದರ ಎತ್ತರ ಎರಡು ಮಹಡಿಯಷ್ಟು. ಅಷ್ಟೆತ್ತರಕ್ಕೆ ಒಂದು ಜಾಕಿ ಸಾಲದು, ಜಾಕಿಯ ಮೇಲೆ ಹಲಗೆ, ಹಲಗೆಯ ಮೇಲೆ ಇನ್ನೊಂದು ಜಾಕಿ ನಿಲ್ಲಿಸಬೇಕು. ಮೇಸ್ತ್ರಿ ಮತ್ತವನ ಗ್ಯಾಂಗು ವಾರಗಟ್ಟಲೆ ಹೆಣಗಿ ಅದನ್ನು ಕಟ್ಟಿದ್ದರು. ಇಂಜಿನಿಯರು ನೋಡಿ ಸರಿಯಿದೆ ಅಂದಿದ್ದ.

ಕಾಂಕ್ರೀಟು ಹಾಕುವ ದಿನ ಬೆಳಗಿನಿಂದಲೇ ಲಾರಿಗಳು ಸಾಲುಗಟ್ಟಿದವು. ಪಂಪಿನ ಗದ್ದಲಕ್ಕೆ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಮೇಲೆ ಗ್ಯಾಂಗಿನವರೆಲ್ಲ ಮೊಣಕಾಲವರೆಗಿನ ಬೂಟು ಹಾಕಿಕೊಂಡು ಕಾಂಕ್ರೀಟು ಎಳೆಯುತ್ತಿದ್ದರು. ಇಂಥ ದಿನ ಒಬ್ಬ ಕೆಳಗೇ ಇರಬೇಕು. ಜಾಕಿಗಳ ನಡುವೆ ಓಡಾಡುತ್ತ, ಸಡಿಲಾದದ್ದನ್ನು ತಿರುಗಿಸಿ ಬಿಗಿ ಮಾಡುತ್ತ, ಮೇಲಿನ ಭಾರವೆಲ್ಲ ತನ್ನ ನೆತ್ತಿಯ ಮೇಲೆಯೇ ಇದೆ ಎಂಬುದನ್ನು ಮರೆತು ಕೆಲಸ ಮಾಡಬೇಕು. ಆ ದಿನ ಕೆಳಗಿದ್ದವನು ಮೇಸ್ತ್ರಿಯ ಮಗ.

ಬೆಳಗಿನ ಟೀ ಮುಗಿದ ಸ್ವಲ್ಪ ಹೊತ್ತಿಗೆ ಲಿಫ್ಟಕ್ಕ ನನ್ನ ಕಿಟಕಿಯ ಹತ್ತಿರ ಬಂದಳು.

"ಸ್ಟೋರಣ್ಣ, ಒಂದು ನಿಮಿಷ ಬನ್ನಿ. ಏನೋ ನೋಡಬೇಕು."

ನಾನು ಗೊಣಗುತ್ತಲೇ ಪಂಜರ ಹತ್ತಿದೆ. ಹಾಲ್‌ನ ಒಂದು ಪಕ್ಕ ಪೂರ್ತಿ ತೆರೆದಿತ್ತು, ಲಿಫ್ಟು ಅದರ ಮುಂದಿನಿಂದಲೇ ಹಾದು ಹೋಗುತ್ತಿತ್ತು. ಮೇಲಿನವರಿಗೆ ಕಾಂಕ್ರೀಟು ಮಾತ್ರ ಕಾಣುತ್ತದೆ, ಕೆಳಗಿನವನಿಗೆ ಅವನ ಮುಂದಿನ ಜಾಕಿ ಮಾತ್ರ. ಇಡೀ ಸಾಲು ಪಕ್ಕದಿಂದ ಕಾಣುವುದು ಈ ಪಂಜರದಲ್ಲಿ ನಿಂತವರಿಗೆ. ಅವಳು ಅರ್ಧದಲ್ಲಿ ನಿಲ್ಲಿಸಿ ಬೆರಳು ತೋರಿಸಿದಳು.

"ಒಳಗಡೆ ಎರಡನೇ ಸಾಲು. ಮೇಲಿನ ಜಾಕಿ ನೋಡಿ. ಕೆಳಗಿನದರ ಮೇಲೆ ನೆಟ್ಟಗೆ ಕೂತಿದೆಯಾ? ಈ ಗೋಪುರದ ಅಂಚಿಗೆ ಇಟ್ಟು ನೋಡಿ."

ನಾನು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಕಬ್ಬಿಣದ ಕಾಡಿನ ಹಾಗಿತ್ತು. ಯಾವುದು ವಾಲಿದೆ, ಯಾವುದು ನೆಟ್ಟಗಿದೆ ಒಂದೂ ಗೊತ್ತಾಗಲಿಲ್ಲ.

"ನನಗೆ ಎಲ್ಲಾ ಒಂದೇ ಥರ ಕಾಣ್ತಿದೆಯಮ್ಮಾ."

"ಹೋದ ಸಲ ಬಂದಾಗ ಇಷ್ಟಿರಲಿಲ್ಲ" ಅಂದಳು. ಅದು ನನಗೆ ಹೇಳಿದ ಮಾತಾಗಿರಲಿಲ್ಲ.

ಕೆಳಗೆ ಜಾಕಿಗಳ ನಡುವೆ ಸೋದರಳಿಯನ ಹಳದಿ ಹೆಲ್ಮೆಟ್ಟು ಕಂಡಿತು. "ಲೋ, ಆಚೆ ಬಾರೋ" ಎಂದು ಕೂಗಿದಳು. ಪಂಪಿನ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ಅತ್ತೆಯ ದನಿ ಮಾತ್ರ. ಹಲ್ಲು ಬಿಟ್ಟು ಕೈ ಬೀಸಿ ಮತ್ತೆ ಒಳಗೆ ಹೋದ. ಅಣ್ಣನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಲಿಫ್ಟನ್ನು ಸೀದಾ ಮೇಲಕ್ಕೆ ಒಯ್ದಳು.

ಮೇಸ್ತ್ರಿ ಸ್ಲ್ಯಾಬಿನ ಅಂಚಿನಲ್ಲಿ, ಲಿಫ್ಟಿನ ಬಾಗಿಲ ಪಕ್ಕದಲ್ಲೇ, ಕಂಬಕ್ಕೆ ಹಾಕಿದ ಕೆಂಪು ಗುಂಡಿಯ ಹತ್ತಿರ ನಿಂತಿದ್ದ. ಜೊತೆಗೆ ಮ್ಯಾನೇಜರ್, ಇಂಜಿನಿಯರು. ಲಿಫ್ಟಕ್ಕ ಬಾಗಿಲು ತೆರೆದು ಅವನ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಅಣ್ಣಾ, ಎರಡನೇ ಸಾಲು ವಾಲ್ತಾ ಇದೆ. ಒಂದು ಸಲ ನಿಲ್ಲಿಸಿ ನೋಡು."

ಅವನು ಅವಳತ್ತ ತಿರುಗಲಿಲ್ಲ. "ನೋಡಿದ್ದೀನಿ."

"ಈಗ ನೋಡಬೇಕು ಅಣ್ಣ."

"ನೋಡಿದ್ದೀನಿ ಅಂದ್ನಲ್ಲ. ನಿನ್ನ ಲಿಫ್ಟ್ ನೀನು ನೋಡ್ಕೋ ಹೋಗು."

ಮ್ಯಾನೇಜರ್ ಏನು ವಿಷಯ ಎಂದು ಕೇಳಿದ. ಮೇಸ್ತ್ರಿ ನಗಾಡಿಕೊಂಡು, "ಏನಿಲ್ಲ ಸಾರ್, ಮನೆ ವಿಷಯ" ಅಂದ. ಲಿಫ್ಟಕ್ಕ ನಾಲಗೆ ಕಚ್ಚಿಕೊಂಡು ಬಾಗಿಲು ಎಳೆದಳು. ನನಗೆ ಹಾಯೆನಿಸಿತು, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕಟ್ಟಿದವನೇ ನೋಡಿದ್ದೇನೆ ಎಂದ ಮೇಲೆ ಲಿಫ್ಟಿನವಳೂ ಸ್ಟೋರಿನವನೂ ಮೂಗು ತೂರಿಸುವುದೇನಿದೆ ಅಂದುಕೊಂಡೆ.

ಇಳಿಯುವಾಗ ಅವಳು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದಳು. ನೋಡಿದಳು. ನಾನೂ ನೋಡಿದೆ. ಮೇಲೆ ಪಂಪಿನ ಕೊಳವೆ ಒಮ್ಮೆ ಉಬ್ಬಸಪಟ್ಟು ಕಾಂಕ್ರೀಟು ಕಾರಿತು, ಹಲಗೆಗಳ ಸಂದಿನಿಂದ ಸಿಮೆಂಟಿನ ನೀರು ತೊಟ್ಟಿಕ್ಕಿತು. ಹಳದಿ ಹೆಲ್ಮೆಟ್ಟು ಸರಿಯಾಗಿ ಅವಳು ತೋರಿಸಿದ್ದ ಸಾಲಿನ ಬುಡದಲ್ಲೇ ಬಗ್ಗಿ ಕೂತಿತ್ತು. ಅವಳ ಎಡಗೈ ಜಾಲರಿ ಹಿಡಿದಿತ್ತು, ಬಲಗೈ ಗುಂಡಿಯ ಮೇಲಿತ್ತು. ಒತ್ತಿರಲಿಲ್ಲ. ಬೇಡ ಕಣಮ್ಮಾ, ಅಣ್ಣ ಕಣಮ್ಮಾ ಎಂದು ಹೇಳಲು ಬಾಯಿ ತೆರೆದೆ. ಅವಳು ಕಣ್ಣು ಮುಚ್ಚಿಕೊಂಡು ಒತ್ತಿದಳು.

ಗಂಟೆ ಇಡೀ ಸೈಟಿಗೆ ಬಾರಿಸಿತು. ಪಂಪು ನಿಂತಿತು. ಆ ಗದ್ದಲ ನಿಂತ ಮೇಲೆ ಬಂದ ಮೌನ ನನಗೆ ಗದ್ದಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಅಳಿಯ ಹೊರಗೆ ಓಡಿ ಬಂದ. ಮೇಲಿನವರೆಲ್ಲ ಮೆಟ್ಟಿಲಿಳಿದು ಬಂದು ಗೇಟಿನ ಹತ್ತಿರ ಗುಂಪುಗೂಡಿದರು. ಫಲಕದ ಮೇಲೆ ಲಿಫ್ಟಿನ ದೀಪ ಹತ್ತಿ ಉರಿಯುತ್ತಿತ್ತು. ಯಾರೆಂದು ಕೇಳಬಾರದು ಎಂಬ ಕಾನೂನನ್ನು ಮ್ಯಾನೇಜರ್ ಗಾಳಿಗೆ ತೂರಿ, "ಯಾರು?" ಎಂದು ಕಿರುಚಿದ. ಎಲ್ಲರೂ ಅವಳ ಕಡೆ ನೋಡಿದರು.

ಮೇಡಂ ಮುಂದೆ ಬಂದು, ಪರೀಕ್ಷೆ ಆಗುವವರೆಗೆ ಕೆಲಸ ಶುರುವಾಗುವಂತಿಲ್ಲ ಎಂದು ಅಡ್ಡ ನಿಂತರು. ಇಂಜಿನಿಯರು ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು ಸಾಲುಸಾಲಾಗಿ ಅಳೆದ. ವಾಲಿದ್ದು ನಿಜ. ಎಷ್ಟು ವಾಲಿದೆ, ಅದು ಅಪಾಯವೇ ಎಂದು ಕೇಳಿದರೆ ತಲೆ ಕೆರೆದುಕೊಂಡ. "ಇಷ್ಟು ಕೆಲವು ಕಡೆ ಇದ್ದೇ ಇರುತ್ತೆ. ನಿಲ್ತಿತ್ತೇನೋ. ನಿಲ್ತಾನೂ ಇರಲಿಲ್ಲವೇನೋ." ಇದಕ್ಕಿಂತ ಹೆಚ್ಚಿಗೆ ಅವನ ಬಾಯಿಂದ ಹೊರಡಲಿಲ್ಲ. ಅಡ್ಡಕಂಬಿ ಬಿಗಿದು ಭದ್ರ ಮಾಡುವಷ್ಟರಲ್ಲಿ ಸಂಜೆಯಾಯಿತು. ಅರ್ಧ ಹಾಕಿದ್ದ ಕಾಂಕ್ರೀಟು ಅಷ್ಟರಲ್ಲಿ ಗಟ್ಟಿಯಾಗಿ ಕೆಟ್ಟಿತ್ತು. ಮರುದಿನದಿಂದ ಮೇಸ್ತ್ರಿಯ ಗ್ಯಾಂಗು ತಾವೇ ಹಾಕಿದ್ದನ್ನು ಒಡೆದು ತೆಗೆಯಬೇಕಾಯಿತು. ಸೈಟಿನಲ್ಲಿ ಯಾವ ಮೂಲೆಗೆ ಹೋದರೂ ಆ ಒಡೆಯುವ ಸದ್ದು ಕೇಳುತ್ತಿತ್ತು.

ಅವತ್ತಿನಿಂದ ಸೆಂಟ್ರಿಂಗಿನವರು ಯಾರೂ ಲಿಫ್ಟು ಹತ್ತಲಿಲ್ಲ. ಹಲಗೆ, ಜಾಕಿ, ಮೊಳೆಯ ಡಬ್ಬಿ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಅವಳು ಬಾಗಿಲು ತೆರೆದು ಕಾಯುತ್ತಿದ್ದಳು, ಅವರು ಪಂಜರ ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಹಾದು ಹೋಗುತ್ತಿದ್ದರು. ನಂಟಸ್ತಿಕೆ ನೋಡಿ, ಕಂಬಿಯವರೂ ಮೆಟ್ಟಿಲು ಹಿಡಿದರು. ನನಗೆ ಮೈ ಉರಿಯಿತು. ಇವರ ಜೀವ ಉಳಿಸಲು ಹೋದವಳಿಗೆ ಇವರು ಕೊಡುವ ಮರ್ಯಾದೆ ಇದೇ ಏನು ಎಂದು ಒಬ್ಬನಿಗೆ ಗದರಿದೆ. "ಜೀವ ಉಳಿಸಿದ್ಲು ಅಂತ ಯಾರು ಹೇಳಿದ್ದು? ಬಿದ್ದಿದ್ರೆ ತಾನೇ ಉಳಿಸೋದು" ಅಂದ ಅವನು.

ಮನೆಯಲ್ಲಿ ಇನ್ನೂ ಕಷ್ಟ. ಅಣ್ಣ ಅವಳೊಡನೆ ಮಾತು ಬಿಟ್ಟ. ಎದುರೇ ಕೂತಿದ್ದರೂ ಹೆಂಡತಿಯ ಕಡೆ ತಿರುಗಿ, "ಊಟಕ್ಕೆ ಬರೋಕೆ ಹೇಳು" ಅನ್ನುವನು. ಅತ್ತಿಗೆ ಪಾಪ, ಒಂದೇ ಕೋಣೆಯಲ್ಲಿ ಅತ್ತಿಂದಿತ್ತ ಮಾತು ಸಾಗಿಸಿ ಸುಸ್ತಾಗಿ, "ನಾನೇನು ಟೆಲಿಫೋನಾ?" ಎಂದು ಒಂದು ದಿನ ಸೌಟು ಕುಕ್ಕಿದಳಂತೆ. ಯಾರೂ ನಗಲಿಲ್ಲವಂತೆ. ಇದನ್ನೆಲ್ಲ ಅವಳು ನನಗೆ ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಹೇಳುವಳು, ತಿನ್ನದೆ ಮುಚ್ಚುವಳು.

ಎಲ್ಲಕ್ಕಿಂತ ಅವಳನ್ನು ತಿಂದದ್ದು ಅಳಿಯನ ಮಾತು. ಅವನು ಸಿಟ್ಟು ಮಾಡಿಕೊಂಡಿರಲಿಲ್ಲ. ಬದಲಿಗೆ ಸಮಾಧಾನದಿಂದ, ಹತ್ತಿರ ಕೂತು ಹೇಳಿದ್ದ: "ಅತ್ತೆ, ಜಾಕಿ ಚೆನ್ನಾಗೇ ಇತ್ತು. ಕೆಳಗಿದ್ದವನು ನಾನೇ ಅಲ್ವಾ? ಅಪ್ಪ ಕಟ್ಟಿದ್ದು ಹಾಗೆಲ್ಲ ಬೀಳಲ್ಲ. ಅಪಾಯ ಅಂತ ಒಂಚೂರು ಅನ್ನಿಸಿದ್ರೂ ಅಪ್ಪ ನನ್ನ ಅಲ್ಲಿ ಬಿಡ್ತಿದ್ರಾ?"

ಅವಳು ತನ್ನ ಕಣ್ಣನ್ನೇ ನಂಬದವಳಾದಳು. ಲಿಫ್ಟು ಮಹಡಿಯ ಸಮಕ್ಕೆ ನಿಲ್ಲುವ ಬದಲು ಒಮ್ಮೆ ಕೆಳಗೆ, ಒಮ್ಮೆ ಮೇಲೆ ನಿಲ್ಲತೊಡಗಿತು. ಜನ ಎಡವಿ ಬೈದುಕೊಂಡು ಇಳಿಯುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಸ್ಟೋರಣ್ಣ, ಈ ಗೋಪುರ ವಾಲಿದೆಯಾ? ನನಗೆ ವಾಲಿದ ಹಾಗೆ ಕಾಣುತ್ತೆ, ಆಮೇಲೆ ಇಲ್ಲ ಅನ್ನಿಸುತ್ತೆ" ಎಂದು ಕೇಳಿದಳು. ನೋಡಿ ಹೇಳಿದೆ, ಇಲ್ಲ ಎಂದು. ಅವಳು ಮಾತ್ರ ಇಡೀ ದಿನ ಕತ್ತೆತ್ತಿ ಗೋಪುರವನ್ನೇ ನೋಡುತ್ತಿದ್ದಳು. ಅವಳ ಬಗ್ಗೆ ನನಗೆ ಮರುಕವಾಯಿತು, ಅದರ ಜೊತೆಗೆ ಅವಳು ಓಡಿಸುವ ಪಂಜರ ಹತ್ತಲು ಭಯವೂ ಆಯಿತು.

ಪ್ರಯೋಗ ಮುಗಿಯುವ ಕಾಲ ಬಂತು. ಮೇಡಂ ಎಲ್ಲ ಗ್ಯಾಂಗಿನವರನ್ನೂ ಊಟದ ಶೆಡ್ಡಿಗೆ ಕರೆದು ತಾವು ಕಂಡುಕೊಂಡದ್ದನ್ನು ಹೇಳುವುದೆಂದು ನಿಶ್ಚಯವಾಯಿತು. ಅದಕ್ಕೆ ಮೊದಲು ಲಿಫ್ಟಕ್ಕನನ್ನು ಕೇಳಿದರು, ಅಂದು ಯಾಕೆ ಒತ್ತಿದೆ ಎಂದು ಎಲ್ಲರ ಮುಂದೆ ಹೇಳುತ್ತೀಯಾ ಎಂದು.

"ನಾನು ನೋಡಿದ್ದು ತಪ್ಪಾಗಿದ್ರೆ?"

"ತಪ್ಪಾಗಿದ್ರೂ ಪರವಾಗಿಲ್ಲ. ಒತ್ತಿದ್ದು ಸರಿ."

"ನಿಮಗೆ ಪರವಾಗಿಲ್ಲ ಮೇಡಂ. ನಾನು ಸಂಜೆ ಅದೇ ಮನೆಗೆ ಹೋಗಬೇಕು."

ಮೇಡಂ ಮುಖ ಚಿಕ್ಕದಾಯಿತು. ಮತ್ತೆ ಕೇಳಲಿಲ್ಲ.

ಶೆಡ್ಡಿನ ಬೆಂಚುಗಳು ತುಂಬಿದ್ದವು. ಸೆಂಟ್ರಿಂಗಿನವರೆಲ್ಲ ಒಂದು ಕಡೆ, ಮೇಸ್ತ್ರಿ ಮುಂದೆ, ಪಕ್ಕದಲ್ಲಿ ಮಗ. ಲಿಫ್ಟಕ್ಕ ಹಿಂದಿನ ಬೆಂಚಿನ ತುದಿಯಲ್ಲಿ ನನ್ನ ಪಕ್ಕ. ಮೇಡಂ ಸುತ್ತಿ ಬಳಸದೆ ಹೇಳಿದರು. ಇಷ್ಟು ಕಾಲದಲ್ಲಿ ಗಂಟೆ ನಿಜಕ್ಕೂ ಬಾರಿಸಿದ್ದು ಒಂದೇ ಸಲ. ಪಕ್ಕದ ಕಟ್ಟಡದಲ್ಲಿ ಕೈ ಕಾಲು ಮುರಿದುಕೊಂಡವರು ಎಷ್ಟೋ, ಇಲ್ಲೂ ಹೆಚ್ಚುಕಡಿಮೆ ಅಷ್ಟೇ.

ಮ್ಯಾನೇಜರ್ ಕೈ ಎತ್ತಿದ. "ಆ ಒಂದು ಸಲಾನೂ ಸುಮ್ಮನೆ ಅಲ್ವಾ ಮೇಡಂ? ಬೀಳ್ತಿತ್ತು ಅನ್ನೋದಕ್ಕೆ ಏನಿದೆ? ಬೀಳದೆ ಇದ್ದದ್ದನ್ನ ಹೇಗೆ ಲೆಕ್ಕ ಹಾಕ್ತೀರಿ?"

"ಹಾಕೋಕಾಗಲ್ಲ" ಅಂದರು ಮೇಡಂ. "ಅದಕ್ಕೇ ಬೇರೆ ಪ್ರಶ್ನೆ ಕೇಳ್ತೀನಿ. ಅವತ್ತು ಆಕೆಯನ್ನ ಬಿಟ್ಟು ಬೇರೆ ಯಾರಿಗಾದರೂ ಅನುಮಾನ ಬಂದಿತ್ತಾ?"

ಲಿಫ್ಟಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಇನ್ನೇನು ಸಭೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮೇಸ್ತ್ರಿ ಎದ್ದು ನಿಂತ.

"ನನಗೆ ಬಂದಿತ್ತು."

ಶೆಡ್ಡಿನಲ್ಲಿದ್ದ ತಲೆಗಳೆಲ್ಲ ತಿರುಗಿದವು.

"ಅನುಮಾನ ಅಲ್ಲ. ನೋಡಿದ್ದೆ. ಅವಳು ಬಂದು ಹೇಳೋಕ್ಕಿಂತ ಮುಂಚೆನೇ. ಕಾಂಕ್ರೀಟು ಶುರುವಾದಾಗ ಒಂದು ಸಲ ಕೆಳಗೆ ಹೋಗಿ ಬಂದಿದ್ದೆ. ಎರಡನೇ ಸಾಲಿನಲ್ಲಿ ಮೇಲಿನ ಜಾಕಿ ಜಾಗ ಬಿಟ್ಟು ಸರಿದಿತ್ತು. ನಿಲ್ಲಲ್ಲ ಅಂತ ನನಗೆ ಗೊತ್ತಾಯ್ತು." ಅವನು ತನ್ನ ಬಲಗೈ ನೋಡಿಕೊಂಡ. "ಗುಂಡಿ ನನ್ನ ಪಕ್ಕದಲ್ಲೇ ಇತ್ತು. ಕೈ ಎತ್ತೋಕೆ ನೋಡಿದೆ. ನನ್ನ ಸೆಂಟ್ರಿಂಗ್ ಜಗ್ಗಿತು ಅಂತ ನಾನೇ ಹೆಂಗೆ ಊರಿಗೆಲ್ಲ ಹೇಳಲಿ? ಇನ್ನು ಸ್ವಲ್ಪ ಹೊತ್ತು ಹಿಡಿದ್ರೆ ಸಾಕು, ಟೀ ಬಿಟ್ಟಾಗ ಸದ್ದಿಲ್ಲದೆ ಸರಿ ಮಾಡೋಣ ಅಂದ್ಕೊಂಡೆ. ಟೀನೂ ಆಯ್ತು. ಆಮೇಲೂ ಆಗಲಿಲ್ಲ."

ಮಗ ಅಪ್ಪನ ಮುಖವನ್ನೇ ನೋಡುತ್ತಿದ್ದ. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಯಾರೂ ಕೇಳದ ಪ್ರಶ್ನೆಯನ್ನು ಅವನೇ ಕೇಳಿದ, ಬಹಳ ಮೆಲ್ಲಗೆ.

"ಕೆಳಗೆ ನಾನಿದ್ದೆನಲ್ಲಪ್ಪ."

"ಇದ್ದೆ."

"ಗೊತ್ತಿತ್ತಾ?"

"ಗೊತ್ತಿತ್ತು."

ಮಗ ಎದ್ದ. ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಇಟ್ಟು ಬೆಂಚುಗಳ ನಡುವೆ ಜಾಗ ಮಾಡಿಕೊಂಡು ಹೊರಗೆ ನಡೆದ. ಯಾರೂ ತಡೆಯಲಿಲ್ಲ. ಮೇಸ್ತ್ರಿ ನಿಂತೇ ಇದ್ದ, ಕೂರುವುದು ಮರೆತವನ ಹಾಗೆ.

ಲಿಫ್ಟಕ್ಕ ಗೆದ್ದಳು ಎಂದು ನನಗೆ ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು. ಅವಳ ಕಡೆ ತಿರುಗಿದರೆ ಅವಳು ಅಲ್ಲಿರಲಿಲ್ಲ. ಬೆಂಚು ದಾಟಿ ಅಣ್ಣನ ಮುಂದೆ ಹೋಗಿ ನಿಂತಿದ್ದಳು. ಅಷ್ಟು ದಿನಗಳ ನಂತರ ಅವನೊಡನೆ ಆಡಿದ ಮೊದಲ ಮಾತು ಅದು.

"ಯಾಕೆ ಹೇಳಿದೆ ಅಣ್ಣ? ನಾನೇ ತಪ್ಪು ಅಂತ ಇದ್ದಿದ್ರೆ ಆಗ್ತಿತ್ತಲ್ಲ. ನಾನು ತಡ್ಕೊಳ್ತಿದ್ದೆ. ಅವನಿಗೆ ಯಾಕೆ ಗೊತ್ತಾಗಬೇಕಿತ್ತು?"

"ಮೆಟ್ಟಿಲು ಹತ್ತುವಾಗ ದಿನಾ ನೋಡ್ತಿದ್ದೆ" ಅಂದ ಮೇಸ್ತ್ರಿ. "ಲಿಫ್ಟು ಮಹಡಿಗೆ ಸರಿಯಾಗಿ ನಿಲ್ತಾ ಇಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ ಹಾಗಾಗಿರಲಿಲ್ಲ. ನಿನ್ನ ಕಣ್ಣು ಸರ‍್ಯಾಗಿದೆ ಅಂತ ನಿನಗೆ ಯಾರಾದರೂ ಹೇಳಬೇಕಿತ್ತು. ನನ್ನ ಬಿಟ್ರೆ ಅದು ಯಾರಿಗೂ ಗೊತ್ತಿರಲಿಲ್ಲ."

ಅವಳು ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಅವನು ಅತ್ತ. ಸೆಂಟ್ರಿಂಗಿನವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು, ನೋಡಬಾರದ್ದು ಎಂದು. ಮೇಡಂ ಕೂಡ ಹೋದರು. ಅವರು ಅದನ್ನೆಲ್ಲ ಹೇಗೆ ಬರೆದರೋ ನಾನು ಓದಿಲ್ಲ. ಆದರೆ ಅದಾದ ಮೇಲೆ ನಿಯಮ ಬದಲಾಯಿತು. ಕಾಂಕ್ರೀಟು ಹಾಕುವ ದಿನ ಗಂಟೆಯ ಗುಂಡಿ ಇರುವುದು ಆ ಕೆಲಸಕ್ಕೂ ಅದನ್ನು ಮಾಡುವವರ ಮನೆತನಕ್ಕೂ ಸಂಬಂಧವಿಲ್ಲದ ಒಬ್ಬನ ಕೈಯಲ್ಲಿ. ಅವನಿಗೆ ಬೇರೆ ಕೆಲಸವಿಲ್ಲ, ನೋಡುವುದೊಂದೇ. ಈಗ ಗಂಟೆ ಆಗಾಗ ಬಾರಿಸುತ್ತದೆ, ಜನ ಗೊಣಗುತ್ತ ಹೊರಗೆ ಬರುತ್ತಾರೆ, ಗೊಣಗುತ್ತ ಒಳಗೆ ಹೋಗುತ್ತಾರೆ.

ಗ್ಯಾಂಗಿನವರು ಮತ್ತೆ ಲಿಫ್ಟು ಹತ್ತತೊಡಗಿದರು. ಲಿಫ್ಟು ಮತ್ತೆ ಮಹಡಿಯ ಸಮಕ್ಕೆ ನಿಂತಿತು. ಅಳಿಯ ಮಾತ್ರ ಮರಳಲಿಲ್ಲ. ದೂರದ ಇನ್ನೊಂದು ಸೈಟು ಸೇರಿ ಅಲ್ಲೇ ಕೋಣೆ ಮಾಡಿಕೊಂಡ. ಅಪ್ಪನ ಫೋನು ಎತ್ತುವುದಿಲ್ಲ. ಅತ್ತೆಗೆ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಫೋನು ಮಾಡುತ್ತಾನೆ. ಅವಳು ನನ್ನ ಶೆಡ್ಡಿನ ಮುಂದೆ ಕೂತು ಊಟ ಮಾಡಿದೆಯಾ, ನಿದ್ದೆ ಬರುತ್ತಾ ಎಂದೆಲ್ಲ ಕೇಳಿ, ಕೊನೆಗೆ "ಇರು" ಎಂದು ಹೇಳಿ ಫೋನನ್ನು ಪಕ್ಕದಲ್ಲಿ ಕೂತ ಅಣ್ಣನ ಕೈಗೆ ಕೊಡುತ್ತಾಳೆ. ಮೇಸ್ತ್ರಿ ಅದನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳುತ್ತಾನೆ. ಅವನೂ ಮಾತಾಡುವುದಿಲ್ಲ, ಆ ಕಡೆಯಿಂದ ಮಗನೂ ಮಾತಾಡುವುದಿಲ್ಲ. ಆದರೆ ಇವತ್ತಿನವರೆಗೆ ಹುಡುಗ ಫೋನು ಇಟ್ಟಿಲ್ಲ. ಊಟದ ಹೊತ್ತು ಮುಗಿಯುವವರೆಗೂ ಇಬ್ಬರೂ ಹಾಗೇ ಹಿಡಿದುಕೊಂಡಿರುತ್ತಾರೆ.